ಮಾಜಿ ಮಂತ್ರಿ ಬೆಳಂಬಾರಕ್ಕೆ ಬಂದದ್ದು

ನಮ್ಮ ಪ್ರಾಂಶುಪಾಲರಿಗೆ ಯಾರ ಮೇಲಾದರೂ ಕೆಲಸ ಹೊರಿಸುವ ಮೊದಲು ಅವರನ್ನು ಹೊಗಳುವ ಅಭ್ಯಾಸವಿತ್ತು. ಒಂದು ಬೇಸಿಗೆ, ಕಾರವಾರದ ಕಾಲೇಜಿನ ಸ್ಟಾಫ್ ರೂಮಿನಲ್ಲಿ ನಾನು ಉತ್ತರಪತ್ರಿಕೆ ತಿದ್ದುತ್ತ ಕೂತಿದ್ದಾಗ ಬಂದು, "ಮೇಡಂ, ನಿಮ್ಮಷ್ಟು ಚೆಂದ ಇಂಗ್ಲಿಷ್ ಮಾತಾಡುವ ಇತಿಹಾಸದವರು ಈ ಜಿಲ್ಲೆಯಲ್ಲೇ ಇಲ್ಲ" ಎಂದರು. ಏನೋ ಬಂತು ಎಂದುಕೊಂಡು ಪೆನ್ನು ಕೆಳಗಿಟ್ಟೆ. ಜರ್ಮನಿಯಿಂದ ಒಬ್ಬ ಕಲಾ ಇತಿಹಾಸಕಾರರು ಬರುತ್ತಾರಂತೆ. ಕರಾವಳಿಯ ವೀರಗಲ್ಲುಗಳನ್ನು ನೋಡಬೇಕಂತೆ. ತಿಂಗಳೊಪ್ಪತ್ತು ಅಂಕೋಲೆಯ ಕಡೆ ಇರುತ್ತಾರಂತೆ. ಅಂಕೋಲೆಯ ನಮ್ಮ ಮನೆಯ ಮಾಳಿಗೆಯ ಕೋಣೆ ಖಾಲಿ ಇದೆಯೆಂದು ಯಾರೋ ಹೇಳಿದರಂತೆ. ಆ ಯಾರೋ ಯಾರು ಎಂದು ನಾನು ಕೇಳಲಿಲ್ಲ. ಹಿಂದಿನ ವಾರವಷ್ಟೇ ಸ್ಟಾಫ್ ರೂಮಿನಲ್ಲಿ ಆ ಕೋಣೆಗೆ ಬಣ್ಣ ಹೊಡೆಸಿದ ಸಂಗತಿಯನ್ನು ದೊಡ್ಡ ದನಿಯಲ್ಲಿ ಹೇಳಿಕೊಂಡವಳು ನಾನೇ.

ಕಲಾ ಇತಿಹಾಸಕಾರರು ಎಂದಾಗ ನನ್ನ ಕಣ್ಣಿಗೆ ಬಂದದ್ದು ಬಿಳಿ ಗಡ್ಡದ, ದಪ್ಪ ಕನ್ನಡಕದ, ಮೆಲುದನಿಯ ಒಬ್ಬ ಮುದುಕ. ಅಂಕೋಲೆಯ ಸ್ಟೇಶನ್ನಿನಲ್ಲಿ ಗೋವೆಯ ಕಡೆಯಿಂದ ಬಂದ ರೈಲಿನಿಂದ ಇಳಿದದ್ದು ಬಾಗಿಲಿನಷ್ಟು ಎತ್ತರದ ಒಬ್ಬ ಹೆಂಗಸು. ಕತ್ತರಿಸಿದ ಬೆಳ್ಳಿಕೂದಲು, ಗಂಡಸರ ಚಪ್ಪಲಿಯಂಥ ಚಪ್ಪಲಿ, ಬೆನ್ನಿಗೊಂದು ಚೀಲ. ಅವರು ನನ್ನ ಕೈ ಕುಲುಕಿದರು. ನನ್ನ ಗಂಡನ ಕೈ ಕುಲುಕಿದರು. ಆಮೇಲೆ ಚೀಲ ಎತ್ತಲು ಬಂದ ರಿಕ್ಷಾದವನ ಕೈ, ಅವನ ಹಿಂದೆ ನಿಂತಿದ್ದ ಇನ್ನೊಬ್ಬ ರಿಕ್ಷಾದವನ ಕೈ, ಚಹಾ ಮಾರುವವನ ಕೈ, ಯಾರನ್ನೋ ಕಳಿಸಲು ಬಂದು ಸುಮ್ಮನೆ ನಿಂತಿದ್ದ ಅಜ್ಜಿಯೊಬ್ಬರ ಕೈ, ಎಲ್ಲವನ್ನೂ ಕುಲುಕಿ, ಒಬ್ಬೊಬ್ಬರ ಕಣ್ಣಲ್ಲಿ ಕಣ್ಣಿಟ್ಟು ನಕ್ಕರು.

"ಎಂತಾ ಮಾರಾಯ್ತಿ ಇದು," ಎಂದು ನನ್ನ ಗಂಡ ಕಿವಿಯಲ್ಲಿ ಹೇಳಿದರು, "ಓಟು ಕೇಳೂಕೆ ಬಂದವ್ರಂಗೆ ಕಾಣ್ತದಲ್ಲೇ!"

ಅವರು ಹೇಳಿದ್ದು ಸರಿಯಿತ್ತೆಂದು ಆ ಸಂಜೆಯೇ ಗೊತ್ತಾಯಿತು. ಕರೆಂಟು ಹೋಗಿತ್ತು. ಜಗಲಿಯಲ್ಲಿ ಕೂತು ಕರಿಇಶಾಡ ಮಾವಿನಹಣ್ಣು ತಿನ್ನುತ್ತಿದ್ದೆವು. ನಾನು ತಟ್ಟೆ, ಚಾಕು, ಚಮಚ ಎಲ್ಲ ತಂದಿಟ್ಟಿದ್ದೆ. ಅತಿಥಿ ಚಾಕುವಿನಿಂದ ಒಂದು ಹಣ್ಣನ್ನು ಗೌರವವಾಗಿ ಕೊಯ್ದು ತಿಂದರು. ಎರಡನೆಯದಕ್ಕೆ ಚಾಕು ಬಿಟ್ಟರು. ಮೂರನೆಯದನ್ನು ಅಂಗಳದ ತೆಂಗಿನ ಕಟ್ಟೆಗೆ ಹೋಗಿ, ಬಗ್ಗಿ ನಿಂತು, ಮೊಣಕೈವರೆಗೆ ರಸ ಸುರಿಸಿಕೊಂಡು ಗೊರಟು ಬಿಳಿಯಾಗುವವರೆಗೆ ಚೀಪಿದರು. ಕೈ ತೊಳೆದು ಬಂದು ಕೂತ ಮೇಲೆ ತಮ್ಮ ಕತೆ ಶುರು ಮಾಡಿದರು.

ಅವರದು ನದೀ ದಡದ ಒಂದು ಸಣ್ಣ ಪಟ್ಟಣ. ತಂದೆ ತಾಯಿ ಬೇಕರಿ ನಡೆಸುತ್ತಿದ್ದರು. ಮಗಳು ಕಲೆಯ ಇತಿಹಾಸ ಓದುತ್ತೇನೆಂದಾಗ ತಂದೆ ಹಿಟ್ಟಿನ ಕೈಯನ್ನು ಸೊಂಟದ ಮೇಲಿಟ್ಟುಕೊಂಡು, "ಚಿತ್ರ ಬರೆದರೆ ಸಂಬಳ ಕೊಡುವುದಿಲ್ಲ, ಇನ್ನು ಬೇರೆಯವರು ಬರೆದದ್ದನ್ನು ನೋಡಿದರೆ ಕೊಡುತ್ತಾರೆಯೇ?" ಎಂದು ಕೇಳಿದ್ದರಂತೆ. ಕೊಟ್ಟರು. ಬಹಳ ವರ್ಷ ಅವರು ಮ್ಯೂಸಿಯಮ್ಮಿನಲ್ಲಿ ಕೆಲಸ ಮಾಡಿದರು. ಹಳೆಯ ಇಗರ್ಜಿಗಳಲ್ಲಿ ಮರದಲ್ಲಿ ಕೆತ್ತಿದ ಸಂತರ ಸಾಲುಗಳಿರುತ್ತವಲ್ಲ, ಅದರಲ್ಲಿ ಯಾರ ಕೈಯಲ್ಲಿ ಏನಿದೆ, ಯಾರು ಯಾರನ್ನು ನೋಡುತ್ತಿದ್ದಾರೆ, ಯಾರ ಮೂಗನ್ನು ಆಮೇಲೆ ಬೇರೆ ಯಾರೋ ಅಂಟಿಸಿದ್ದಾರೆ, ಇದೇ ಅವರ ವಿದ್ಯೆ. ಅಸಲಿಯನ್ನೂ ನಕಲಿಯನ್ನೂ ದೂರದಿಂದಲೇ ಹೇಳಬಲ್ಲೆನೆಂದು ಸ್ವಲ್ಪ ಜಂಬದಿಂದಲೇ ಹೇಳಿಕೊಂಡರು.

ರಾಜಕೀಯಕ್ಕೆ ಅವರನ್ನು ಎಳೆದದ್ದು ಒಂದು ತರಕಾರಿ ಮಾರುಕಟ್ಟೆ. ಕಬ್ಬಿಣ, ಗಾಜು ಹಾಕಿ ಕಟ್ಟಿದ ಹಳೆಯ ಕಟ್ಟಡ. ಗೋಡೆಯ ಹಂಚುಗಳ ಮೇಲೆ ಮೀನು, ಕೋಸು, ಬಾತುಕೋಳಿಗಳ ಚಿತ್ರ. ಅದನ್ನು ಕೆಡವಿ ಕಾರು ನಿಲ್ಲಿಸುವ ಜಾಗ ಮಾಡಬೇಕೆಂದು ಊರಿನ ಆಡಳಿತ ಹೊರಟಿತು. ಇವರು ಘೋಷಣೆ ಕೂಗಲಿಲ್ಲ. ವಾರಕ್ಕೊಮ್ಮೆ ಮಾರುಕಟ್ಟೆಯಲ್ಲಿ ನಿಂತು, ಕೋಸು ಕೊಳ್ಳಲು ಬಂದವರಿಗೆಲ್ಲ ಆ ಹಂಚಿನ ಮೇಲಿನ ಕೋಸನ್ನು ತೋರಿಸಿ ಪಾಠ ಮಾಡತೊಡಗಿದರು. ಇಷ್ಟು ವರ್ಷ ಮೀನು ಕೊಂಡು ತಲೆ ತಗ್ಗಿಸಿ ಮನೆಗೆ ಹೋಗುತ್ತಿದ್ದ ಜನ ಮೊದಲ ಸಲ ತಲೆ ಎತ್ತಿ ಗೋಡೆ ನೋಡಿದರು. ಕಟ್ಟಡ ಉಳಿಯಿತು. ಆಮೇಲೆ ಅದೇ ಜನ ಇವರನ್ನು ನಗರಸಭೆಗೆ ಆರಿಸಿದರು, ಅಲ್ಲಿಂದ ರಾಜ್ಯದ ವಿಧಾನಸಭೆಗೆ ಕಳಿಸಿದರು. ಒಂದು ಅವಧಿಗೆ ಸಂಸ್ಕೃತಿ ಮಂತ್ರಿಯೂ ಆದರು.

"ಸಂಸ್ಕೃತಿ ಮಂತ್ರಿಗೆ ಏನು ಕೆಲಸ?" ಎಂದು ಕೇಳಿದೆ.

"ಕಟ್ಟಡಗಳ ಮಾಡು ಸೋರುವುದನ್ನು ನಿಲ್ಲಿಸುವುದು," ಎಂದರು. "ನಾಟಕಶಾಲೆ ಸೋರುತ್ತಿತ್ತು, ಮ್ಯೂಸಿಯಂ ಸೋರುತ್ತಿತ್ತು, ಸಂಗೀತ ಶಾಲೆಯಲ್ಲಿ ಪಿಯಾನೋದ ಮೇಲೆ ಛತ್ರಿ ಬಿಡಿಸಿಟ್ಟಿದ್ದರು. ನಾನು ಕಲೆಯ ಬಗ್ಗೆ ಮಾತಾಡಿದ್ದು ಕಡಿಮೆ. ಹಂಚಿನ ಬಗ್ಗೆ ಮಾತಾಡಿದ್ದೇ ಹೆಚ್ಚು."

ನಮ್ಮವರಿಗೆ ಆ ಕ್ಷಣದಿಂದ ಅತಿಥಿಯ ಮೇಲೆ ಭಕ್ತಿ ಹುಟ್ಟಿತು. ಮಳೆಗಾಲಕ್ಕೆ ಮೊದಲು ಹಂಚು ಕೈಯಾಡಿಸಲು ಜನ ಸಿಗುವುದು ಎಷ್ಟು ಕಷ್ಟ ಎಂಬ ವಿಷಯದಲ್ಲಿ ಇಬ್ಬರೂ ಬಹಳ ಹೊತ್ತು ಮಾತಾಡಿದರು.

ಸೋತದ್ದು ಹೇಗೆ ಎಂಬುದನ್ನು ಅವರು ನಗುತ್ತಲೇ ಹೇಳಿದರು. ಅವರ ಪಟ್ಟಣದ ದೊಡ್ಡ ಸರ್ಕಲ್ಲಿನ ಮಧ್ಯೆ ಒಂದು ಹೊಸ ಶಿಲ್ಪ ನಿಲ್ಲಿಸಲು ಅವರು ಬೆಂಬಲ ಕೊಟ್ಟಿದ್ದರು. ಉಕ್ಕಿನದು, ಓರೆಯಾಗಿ ನಿಂತದ್ದು. ಶಿಲ್ಪಿ ಅದಕ್ಕೆ ಏನೋ ಗಂಭೀರ ಹೆಸರಿಟ್ಟಿದ್ದ. ಜನ "ಗಾಳಿಗೆ ಸಿಕ್ಕ ಛತ್ರಿ" ಎಂದು ಕರೆದರು. ಪ್ರತಿ ದಿನ ಆಫೀಸಿಗೆ ಹೋಗುತ್ತ ಬರುತ್ತ ಜನ ಆ ಛತ್ರಿಗೆ ಸುತ್ತು ಹಾಕಬೇಕಿತ್ತು, ಸುತ್ತುವಾಗಲೆಲ್ಲ ಮಂತ್ರಿಯ ನೆನಪಾಗುತ್ತಿತ್ತು. ಚುನಾವಣೆಯಲ್ಲಿ ಅವರ ಪಕ್ಷವೂ ಸೋತಿತು, ಅವರ ಸ್ವಂತ ಕ್ಷೇತ್ರದಲ್ಲಿ ಅವರೂ ಸೋತರು. ಬಿಡುವು ಸಿಕ್ಕಿತಲ್ಲ ಎಂದು ಹಳೆಯ ವಿದ್ಯೆಗೆ ಮರಳಿದರು. ಕಲ್ಲಿನಲ್ಲಿ, ಮರದಲ್ಲಿ ದೋಣಿಗಳನ್ನು ಹೇಗೆ ಕೆತ್ತಿದ್ದಾರೆ ಎಂದು ದೇಶ ದೇಶ ನೋಡುತ್ತ ಬಂದವರಿಗೆ ನಮ್ಮ ಕರಾವಳಿಯ ವೀರಗಲ್ಲಿನ ಒಂದು ಫೋಟೋ ಸಿಕ್ಕಿತ್ತು. ಆ ಕಲ್ಲು ಇದ್ದದ್ದು ಬೆಳಂಬಾರದಲ್ಲಿ.

ಬೆಳಂಬಾರ ಎಂದ ಕೂಡಲೇ ನನಗೆ ಖುಷಿಯೂ ಆಯಿತು, ಅಳುಕೂ ಆಯಿತು. ನನ್ನ ಅಕ್ಕನನ್ನು ಕೊಟ್ಟದ್ದು ಅಲ್ಲಿಗೇ. ಅಕ್ಕ ಮನೆಯಲ್ಲೇ ಹೊಲಿಗೆ ಮಾಡುತ್ತಾಳೆ, ಭಾವ ಓಮ್ನಿ ಬಾಡಿಗೆಗೆ ಓಡಿಸುತ್ತಾರೆ. ಆ ಬೇಸಿಗೆಯಲ್ಲಿ ಅವರ ವಾರ್ಡಿನ ಪಂಚಾಯತ ಸದಸ್ಯೆ ರಾಜೀನಾಮೆ ಕೊಟ್ಟಿದ್ದರಿಂದ ಉಪಚುನಾವಣೆ ಬಂದಿತ್ತು. ಅಕ್ಕ ನಿಂತಿದ್ದಳು. ಅವಳ ಎದುರು ನಿಂತದ್ದು ಬಾವಿಮನೆಯವಳು. ಬಾವಿಮನೆ ಎಂದರೆ ಅಕ್ಕನ ಮನೆಯಿಂದ ಕೂಗಳತೆಯಲ್ಲಿರುವ ಮನೆ. ಆಕೆ ಅಕ್ಕನ ಶಾಲೆಯ ಗೆಳತಿ. ಒಂದೇ ಬೆಂಚಿನಲ್ಲಿ ಕೂತು ಓದಿದವರು. ಬೇಲಿಯಾಚೆ ಬಿದ್ದ ತೆಂಗಿನಕಾಯಿ ಯಾರದು ಎಂಬ ವಿಷಯಕ್ಕೆ ಮಾತು ಬಿಟ್ಟು ಬಹಳ ಕಾಲವಾಗಿತ್ತು. ಮತ್ತು ಆ ದೋಣಿಯ ವೀರಗಲ್ಲು ಇದ್ದದ್ದು ಬಾವಿಮನೆಯ ಬಾವಿಕಟ್ಟೆಗೆ ತಾಗಿಯೇ.

ಅತಿಥಿಯನ್ನು ಕರೆದುಕೊಂಡು ಮೊದಲ ದಿನ ಅಕ್ಕನ ಮನೆಗೇ ಹೋದೆ. ಅಕ್ಕ ಬಂಗಡೆ ಹುರಿದಿದ್ದಳು. ಅತಿಥಿ ಮುಳ್ಳು ಬಿಡಿಸಲು ಹೆಣಗುವುದನ್ನು ನೋಡಲಾರದೆ ತಾನೇ ಬಿಡಿಸಿ ಅವರ ಬಟ್ಟಲಿಗೆ ಹಾಕಿದಳು. ಊಟವಾದ ಮೇಲೆ ನಾನು ಹೆದರುತ್ತ ಹೆದರುತ್ತ ವಿಷಯ ತೆಗೆದೆ.

"ಬಾವಿಮನೆಗಾ?" ಎಂದಳು ಅಕ್ಕ. "ಮಂತ್ರಿ ಬಂದು ಅವ್ಳ ಅಂಗಳದಾಗೆ ಕೂತ್ಕಂಡ್ರೆ ನನ್ ಓಟು ಎಂತಾ ಆಗೂದು? ಕಲ್ಲು ಬೇಕಾದ್ರೆ ನಮ್ ಹಿತ್ಲಲ್ಲೂ ಅದೆ. ಬಟ್ಟೆ ಒಗೆಯೂ ಕಲ್ಲು. ಬೇಕಾದಷ್ಟು ನೋಡ್ಲಿ."

"ಅಕ್ಕಾ, ಇವ್ರು ಮಾಜಿ ಮಂತ್ರಿ. ಈಗ ಮಂತ್ರಿ ಅಲ್ಲ."

"ನಂಗೆ ಗೊತ್ತಾಯ್ತು ಮಾರಾಯ್ತಿ. ಊರಿಗೆ ಗೊತ್ತಾಗೂದಾ?"

ಊರಿಗೆ ಗೊತ್ತಾಗಲೇ ಇಲ್ಲ. ನಾನು ಎಷ್ಟು ಸಲ "ಮಾಜಿ" ಎಂದರೂ ಆ ಎರಡಕ್ಷರ ಬೆಳಂಬಾರದ ಗಾಳಿಯಲ್ಲಿ ಹಾರಿಹೋಯಿತು. ವಾರ ಕಳೆಯುವುದರೊಳಗೆ ಅವರು "ಮಂತ್ರಿ ಬಾಯಿ" ಆದರು. ಬಾವಿಮನೆಯವಳು ಮೊದಲ ದಿನ ಬಾಗಿಲಲ್ಲೇ ನಿಂತು ನನ್ನನ್ನು ಕೆಕ್ಕರಿಸಿ ನೋಡಿದವಳು, ಅತಿಥಿ ಕೈ ಮುಗಿದು "ನಮಸ್ಕಾರ, ಅಕ್ಕ" ಎಂದ ಕೂಡಲೇ ಕರಗಿ ಚಹಾ ಇಟ್ಟಳು. ಕಲ್ಲಿನ ಬುಡದ ಹುಲ್ಲು ಕೀಳಿಸಿದಳು. ಅತಿಥಿ ನೆಲದ ಮೇಲೆ ಹೊಟ್ಟೆ ಅಡಿಯಾಗಿ ಮಲಗಿ ಕಲ್ಲು ನೋಡುವಾಗ ಬಿಸಿಲು ತಾಗದಿರಲೆಂದು ಛತ್ರಿ ಹಿಡಿದಳು.

ಕಲ್ಲಿನಲ್ಲಿ ಕೆಳಗೆ ಒಂದು ದೋಣಿ, ಅದರ ತುಂಬ ಬಿಲ್ಲು ಹಿಡಿದವರು, ಹುಟ್ಟು ಹಾಕುವವರು. ನಡುವೆ ಸತ್ತ ವೀರನನ್ನು ಅಪ್ಸರೆಯರು ಎತ್ತಿಕೊಂಡು ಹೋಗುತ್ತಿದ್ದಾರೆ. ಮೇಲೆ ಅವನು ಶಿವಲಿಂಗದ ಎದುರು ಕೈಮುಗಿದು ಕೂತಿದ್ದಾನೆ. ಇದನ್ನು ನಾನು ಮಕ್ಕಳಿಗೆ ವರ್ಷವರ್ಷವೂ ಪಾಠ ಮಾಡಿದವಳೇ. ಅತಿಥಿಗೆ ಅಪ್ಸರೆಯರೂ ಬೇಡ, ಲಿಂಗವೂ ಬೇಡ. ದೋಣಿಯ ಕೊನೆಯಲ್ಲಿ ಕೂತ ಒಬ್ಬ ಅಂಬಿಗನ ಮೇಲೆ ಕಣ್ಣು. ಎಲ್ಲರೂ ಮುಂದೆ ಯುದ್ಧದ ಕಡೆ ನೋಡುತ್ತಿದ್ದರೆ ಅವನೊಬ್ಬ ಮಾತ್ರ ಕುತ್ತಿಗೆ ತಿರುಗಿಸಿ ಹಿಂದಕ್ಕೆ, ದಡದ ಕಡೆ ನೋಡುತ್ತಿದ್ದಾನೆ. "ಇವನಿಗೆ ಯುದ್ಧ ಬೇಡ, ಮನೆಗೆ ಹೋಗಬೇಕು," ಎಂದು ಅವರು ಮಕ್ಕಳಂತೆ ಸಂತೋಷಪಟ್ಟರು. ಬಾವಿಮನೆಯವಳಿಗೆ ನಾನು ಅನುವಾದಿಸಿದೆ. ಆಕೆ ಬಗ್ಗಿ ನೋಡಿ, "ಹೌದಲ್ದಾ! ಇಷ್ಟು ವರ್ಷ ಇದ್ರ ಮೇಲೇ ಬಿಂದಿಗೆ ಇಟ್ಟೆ, ಇವ್ನ ಮೋರೆನೇ ನೋಡ್ಲಿಲ್ಲ" ಎಂದಳು.

ಒಂದು ವಿಷಯದಲ್ಲಿ ಅತಿಥಿ ಬಹಳ ಕಟ್ಟುನಿಟ್ಟು. ಪರದೇಶದವರು ಇಲ್ಲಿಯ ಚುನಾವಣೆಯಲ್ಲಿ ತಲೆ ಹಾಕಬಾರದು, ಅದು ಕಾನೂನು, ಅದು ಮರ್ಯಾದೆ. ಪ್ರಚಾರದ ಬಗ್ಗೆ ಒಂದು ಮಾತೂ ಆಡುವುದಿಲ್ಲ ಎಂದು ನನಗೆ ಮಾತು ಕೊಟ್ಟರು. ಇಬ್ಬರ ಮನೆಯಲ್ಲೂ ಸಮನಾಗಿ ಚಹಾ ಕುಡಿದರು. ಆದರೆ ಊರಿನವರು ಬಿಡಬೇಕಲ್ಲ. ಹಳ್ಳ ದಾಟುವ ಕಾಲುಸಂಕ ಮುರಿದಿದೆ, ಬಸ್ಸು ಕ್ರಾಸಿನವರೆಗೇ ಬಂದು ತಿರುಗುತ್ತದೆ, ಉಪ್ಪುನೀರು ಗದ್ದೆಗೆ ನುಗ್ಗುತ್ತದೆ ಎಂದು ಹೇಳಿಕೊಳ್ಳಲು ದಿನವೂ ಯಾರಾದರೊಬ್ಬರು ಬರುತ್ತಿದ್ದರು. ಇವರು ಹಳೆಯ ಅಭ್ಯಾಸದಂತೆ ಗಲ್ಲಕ್ಕೆ ಕೈಕೊಟ್ಟು ಪೂರ್ತಿ ಕೇಳುತ್ತಿದ್ದರು. ಉತ್ತರಕ್ಕೆ ಏನು ಹೇಳಲಿ ಎಂದು ನನ್ನನ್ನು ಕೇಳಿದಾಗ ನಾನು "ನೋಡ್ವ" ಎಂಬ ನಮ್ಮೂರಿನ ಒಂದು ಮಾತು ಕಲಿಸಿದೆ. ನೋಡೋಣ ಎಂಬುದರ ಅಂಕೋಲೆಯ ರೂಪ. ಅವರು ಅದನ್ನು ಎರಡು ಮೂರು ಸಲ ಬಾಯಲ್ಲಿ ಹೊರಳಿಸಿ, "ಇದು ಗೊತ್ತಿದ್ದರೆ ನಾನು ಇನ್ನೊಂದು ಅವಧಿ ಗೆಲ್ಲುತ್ತಿದ್ದೆ" ಎಂದರು.

ಚಿಹ್ನೆ ಹಂಚಿದ ದಿನ ಅಕ್ಕನಿಗೆ ಪ್ರೆಶರ್ ಕುಕ್ಕರ್ ಬಂತು. ಅವಳು ಹೊಲಿಗೆ ಯಂತ್ರ ಕೇಳಿದ್ದಳು. ಬಾವಿಮನೆಗೆ ಸೀಲಿಂಗ್ ಫ್ಯಾನು. ಅತಿಥಿಗೆ ಇದು ದೊಡ್ಡ ಹಬ್ಬವಾಯಿತು. ಓದು ಬಾರದವರೂ ಗುರುತಿಸಲೆಂದು ಅವರ ಕಡೆಯ ಸಂತರ ಕೈಯಲ್ಲಿ ಬೀಗದ ಕೈ, ಚಕ್ರ, ಗೋಪುರ ಎಂದು ಒಂದೊಂದು ವಸ್ತು ಕೊಟ್ಟಿರುತ್ತಾರಂತೆ. ನಮ್ಮ ದೇವರಿಗೆ ಶಂಖ, ತ್ರಿಶೂಲ ಇದ್ದ ಹಾಗೆ. "ನಿಮ್ಮ ಅಕ್ಕ ಈಗ ಕುಕ್ಕರಿನ ಸಂತಳು," ಎಂದರು. ಅಕ್ಕನಿಗೆ ಇದನ್ನು ಹೇಳಿದಾಗ ಅವಳಿಗೆ ನಗು ಬರಲಿಲ್ಲ. ಯಾಕೆಂದರೆ ಅಷ್ಟರಲ್ಲಿ ಬಾವಿಮನೆಯ ಕಡೆಯವರು ಒಂದು ಮಾತು ತೇಲಿಬಿಟ್ಟಿದ್ದರು: "ಕುಕ್ಕರು ಬರೀ ಕೂಗ್ತದೆ, ಫ್ಯಾನು ತಂಪು ಮಾಡ್ತದೆ." ಅಕ್ಕನ ಗಂಟಲು ದೊಡ್ಡದು, ಅದು ಊರಿಗೇ ಗೊತ್ತು. ಅವಳು ಒಂದು ದಿನ ಯೋಚಿಸಿ, ಕರೆಂಟು ಹೋದ ಹೊತ್ತು ನೋಡಿ ಮನೆ ಮನೆಗೆ ಹೊರಟಳು. ಬೆವರು ಒರೆಸಿಕೊಳ್ಳುತ್ತ ಕೂತವರ ಜಗಲಿಯಲ್ಲಿ ನಿಂತು, "ಎಂತಾ, ಫ್ಯಾನು ತಿರುಗ್ತದ್ಯಾ? ಕುಕ್ಕರಿಗೆ ಕರೆಂಟು ಬೇಡ ಕಾಣಿ" ಎಂದು ಅಷ್ಟೇ ಹೇಳಿ ಮುಂದಿನ ಮನೆಗೆ ಹೋದಳು. ಮಾತು ಆಡುವುದಿಲ್ಲವೆಂದು ಆಣೆ ಇಟ್ಟಿದ್ದ ಅತಿಥಿ, ಇದನ್ನು ನನ್ನಿಂದ ಕೇಳಿ, ಮಾಳಿಗೆಯ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ನಕ್ಕರು. ಕೆಳಗೆ ನಮಗೆ ಕೇಳಿಸುತ್ತಿತ್ತು.

ಮತದಾನದ ದಿನ ತಾವು ಊರಲ್ಲೇ ಇರಬಾರದು ಎಂದು ಅವರೇ ನಿಶ್ಚಯಿಸಿದರು. ಯಾರೂ ಬೆರಳು ತೋರಿಸುವಂತಾಗಬಾರದು. ಕಾರವಾರದ ಕಡೆಯ ಒಂದು ಹಳೆಯ ಇಗರ್ಜಿಯಲ್ಲಿ ಮರದ ಮೂರ್ತಿಯೊಂದಿದೆ, ಅದನ್ನು ನೋಡಿ ಬರುತ್ತೇನೆ ಎಂದರು. ಭಾವ ಓಮ್ನಿ ತಂದರು. ಬೆಳಿಗ್ಗೆ ಬೂತಿನಲ್ಲಿ ಸಾಲು ಉದ್ದ ಇತ್ತು. "ಮಧ್ಯಾಹ್ನ ತಿರುಗಿ ಬಂದು ಹಾಕ್ತೆ, ಎಲ್ಲಿಗೆ ಓಡ್ತದೆ ಓಟು?" ಎಂದು ಭಾವ ಅಕ್ಕನಿಗೆ ಹೇಳಿ ಹೊರಟರು. ನಾನೂ ಜೊತೆಗಿದ್ದೆ.

ಇಗರ್ಜಿಯ ಒಳಗೆ ತಂಪಾಗಿತ್ತು. ಅತಿಥಿ ಆ ಮೂರ್ತಿಯ ಎದುರು ಕೂತು ಅದರ ಬಟ್ಟೆಯ ನಿರಿಗೆಗಳನ್ನು ಪೆನ್ಸಿಲಿನಲ್ಲಿ ಬರೆಯತೊಡಗಿದರು. ಒಂದು ನಿರಿಗೆ ಮುಗಿಯಿತು ಅನ್ನುವಾಗ ಇನ್ನೊಂದು. ನಾನು ಹೊರಗೆ ಬಂದು ನೋಡಿದರೆ ಭಾವ ಖಾನಾವಳಿಯಲ್ಲಿ ಮೀನೂಟ ಮಾಡಿ ಬಂದು ಓಮ್ನಿಯ ಸೀಟು ಹಿಂದಕ್ಕೆ ಬಾಗಿಸಿ ನಿದ್ದೆ ಹೋಗಿದ್ದರು. ಎಬ್ಬಿಸಿದೆ. "ಮಂತ್ರಿ ಬಾಯಿ ಮುಗಿಸ್ಲಿ. ದೊಡ್ಡವ್ರಿಗೆ ಗಡಿಬಿಡಿ ಮಾಡೂಕಾಗೂದಿಲ್ಲ," ಎಂದು ಮಗ್ಗುಲು ಬದಲಿಸಿದರು. ಒಳಗೆ ಹೋಗಿ ಅತಿಥಿಗೆ ಹೊತ್ತಾಯಿತೆಂದರೆ, "ನಿಮ್ಮ ಭಾವನಿಗೆ ವಿಶ್ರಾಂತಿ ಬೇಕಲ್ಲ, ಮಲಗಲಿ ಬಿಡಿ" ಎಂದರು. ಹೀಗೆ ಇಬ್ಬರೂ ಒಬ್ಬರಿಗೊಬ್ಬರು ಮರ್ಯಾದೆ ಕೊಡುತ್ತ ಕೊಡುತ್ತ ಬಿಸಿಲು ಇಳಿಯಿತು.

ಕೊನೆಗೂ ಹೊರಟೆವು. ಬಿಣಗಾದ ಹತ್ತಿರ ಹೆದ್ದಾರಿಗೆ ಅಡ್ಡಲಾಗಿ ಒಂದು ಉದ್ದನೆಯ ಟ್ರೇಲರ್ ನಿಂತುಬಿಟ್ಟಿತ್ತು. ಹಿಂದಕ್ಕೂ ಹೋಗುವುದಿಲ್ಲ, ಮುಂದಕ್ಕೂ ಹೋಗುವುದಿಲ್ಲ. ರಸ್ತೆ ಬದಿಯ ಮನೆಗಳಿಂದ ಜನ ಹೊರಗೆ ಬಂದು ನಿಂತು ತಲೆಗೊಂದು ಸಲಹೆ ಕೊಡುತ್ತಿದ್ದರು. ಭಾವ ಇಳಿದರು, ಹತ್ತಿದರು, ಮತ್ತೆ ಇಳಿದರು. ಅತಿಥಿಗೆ ಆಗ ವಿಷಯ ಹೊಳೆಯಿತು.

"ಅವರು ಮತ ಹಾಕಿದ್ದಾರೆ ಅಲ್ಲವೇ?" ಎಂದು ನನ್ನನ್ನು ಕೇಳಿದರು.

"ಇಲ್ಲ."

"ಬೆಳಿಗ್ಗೆ ಹಾಕಿಯೇ ಬಂದರು ಎಂದುಕೊಂಡಿದ್ದೆ!"

ಅವರ ಮುಖ ಕಂಡು ನನಗೆ ಕನಿಕರವಾಯಿತು. ಟ್ರೇಲರಿನವನ ಹತ್ತಿರ ಹೋಗಿ ಅವನ ಕೈಯನ್ನೂ ಕುಲುಕಿದರು. ಏನೂ ಪ್ರಯೋಜನವಾಗಲಿಲ್ಲ. ದಾರಿ ಬಿಟ್ಟ ಮೇಲೆ ಭಾವ ತೋಡೂರನ್ನು ಹೇಗೆ ದಾಟಿದರೋ, ನಾನು ಕಣ್ಣು ಮುಚ್ಚಿದ್ದೆ. ಬೂತು ಇದ್ದ ಬೆಳಂಬಾರದ ಶಾಲೆ ತಲುಪಿದಾಗ ಗೇಟು ಹಾಕಿ ಪೊಲೀಸರೊಬ್ಬರು ಅದಕ್ಕೆ ಒರಗಿ ನೀರು ಕುಡಿಯುತ್ತಿದ್ದರು.

ಭಾವ ಅಕ್ಕನಿಗೆ ಹೆದರುವ ಮನುಷ್ಯ ಅಲ್ಲ ಎಂದು ತಾವೇ ಆಗಾಗ ಹೇಳುತ್ತಾರೆ. ಅಂದು ಮನೆಗೆ ಹೋಗುವ ಮೊದಲು ಓಮ್ನಿಯನ್ನು ದಾರಿಬದಿಗೆ ನಿಲ್ಲಿಸಿ, ಡ್ಯಾಶ್‌ಬೋರ್ಡಿನಲ್ಲಿದ್ದ ಸ್ಕೆಚ್ ಪೆನ್ನು ತೆಗೆದು, ಎಡಗೈಯ ತೋರುಬೆರಳಿನ ಮೇಲೆ ಒಂದು ಗೆರೆ ಎಳೆದುಕೊಂಡರು. ಊದಿ ಒಣಗಿಸಿದರು. ನಮ್ಮ ಕಡೆ ತಿರುಗಿ ಬೆರಳು ಎತ್ತಿ ಹಿಡಿದು, "ಹೆಂಗದೆ?" ಎಂದರು.

ಅತಿಥಿ ಕನ್ನಡಕ ಹಾಕಿಕೊಂಡು ಬೆರಳನ್ನು ಬೆಳಕಿಗೆ ಹಿಡಿದು ನೋಡಿದರು. "ನಕಲಿ," ಎಂದರು. "ಬಣ್ಣ ಹೆಚ್ಚು ನೀಲಿ. ಉಗುರಿನ ಸಂದಿಗೆ ಇಳಿದಿಲ್ಲ. ಕೈಯೂ ನಡುಗಿದೆ."

ಈಗಲೇ ಹೋಗಿ ಅಕ್ಕನಿಗೆ ನಿಜ ಹೇಳುತ್ತೇನೆ, ತಪ್ಪು ನನ್ನದು ಎಂದು ಅವರು ಹಟ ಹಿಡಿದರು. ಭಾವ ಕೈ ಮುಗಿದರು. "ಎಣಿಕೆ ಮುಗೀಲಿ ಬಾಯೇ. ಗೆದ್ರೆ ಯಾರೂ ಕೇಳೂದಿಲ್ಲ. ಒಂದು ಓಟಿಗೆ ಎಂತಾ ಆಗೂದು?" ಅತಿಥಿ ಕೊನೆಗೆ ಫಲಿತಾಂಶದವರೆಗೆ ಮಾತ್ರ ಸುಮ್ಮನಿರುತ್ತೇನೆ ಎಂದು ಒಪ್ಪಿದರು. ಆ ದಿನಗಳಲ್ಲಿ ಭಾವ ಎಡಗೈಯನ್ನು ಹೆಚ್ಚಾಗಿ ಲುಂಗಿಯ ಮಡಿಕೆಯಲ್ಲೇ ಇಟ್ಟುಕೊಂಡಿದ್ದರು. ಸ್ನಾನ ಮಾಡಿದಾಗಲೆಲ್ಲ ಗೆರೆ ಹೊಸದಾಗಿ ಎಳೆಯಬೇಕಾಗುತ್ತಿತ್ತು.

ಎಣಿಕೆ ನಡೆದದ್ದು ಅಂಕೋಲೆಯಲ್ಲಿ. ನಾನೂ ಅತಿಥಿಯೂ ಗೇಟಿನ ಹೊರಗೆ, ಗೋಳಿಮರದ ಕೆಳಗೆ ಕಬ್ಬಿನ ಹಾಲು ಕುಡಿಯುತ್ತ ನಿಂತಿದ್ದೆವು. ಮೊದಲು ಫ್ಯಾನಿನ ಕಡೆಯವರು ಕೂಗಿದರು. ಆಮೇಲೆ ಕುಕ್ಕರಿನ ಕಡೆಯವರು ಕೂಗಿದರು. ಆಮೇಲೆ ಇಬ್ಬರೂ ಸುಮ್ಮನಾದರು. ಭಾವ ಹೊರಗೆ ಬಂದರು. ಎಡಗೈ ಲುಂಗಿಯ ಮಡಿಕೆಯಲ್ಲೇ ಇತ್ತು.

"ಸಮಾ ಸಮಾ ಬಿದ್ದದೆ," ಎಂದರು.

ಮತ್ತೆ ಎಣಿಸಿದರು. ಮತ್ತೆ ಸಮ. ಕಾನೂನಿನಂತೆ ಚೀಟಿ ಎತ್ತುವುದೆಂದಾಯಿತು. ಎರಡು ಚೀಟಿ ಮಡಿಸಿ ಒಂದು ಸ್ಟೀಲಿನ ಡಬ್ಬಿಗೆ ಹಾಕಿ ಕುಲುಕಿ ಅಧಿಕಾರಿ ತಾವೇ ಒಂದನ್ನು ಎತ್ತಿದರಂತೆ. ಫ್ಯಾನು ಬಂತು.

ಅಕ್ಕ ಹೊರಗೆ ಬಂದವಳು ಅಳಲಿಲ್ಲ, ಕೂಗಲಿಲ್ಲ. ನೇರ ಭಾವನ ಹತ್ತಿರ ಬಂದು, "ಕೈ ಕೊಡಿ" ಎಂದಳು. ಭಾವ ಬಲಗೈ ಕೊಟ್ಟರು. "ಅದಲ್ಲ." ಎಡಗೈ ಹೊರಗೆ ಬಂತು. ಅಕ್ಕ ಸೆರಗಿನ ತುದಿಗೆ ಉಗುಳು ಹಚ್ಚಿ ಬೆರಳನ್ನು ಒಂದು ಸಲ ಒರೆಸಿದಳು. ಗೆರೆ ಪೂರ್ತಿ ಸೆರಗಿಗೆ ಬಂತು. ಅವಳು ಹೋಗಿ ಬಸ್ಸು ಹತ್ತಿದಳು. ಭಾವ ಖಾಲಿ ಓಮ್ನಿಯಲ್ಲಿ ಬಸ್ಸಿನ ಹಿಂದೆ ಹಿಂದೆ ಬೆಳಂಬಾರ ಕ್ರಾಸಿನವರೆಗೂ ಹೋದರು.

ಮರುದಿನ ಬೆಳಕು ಹರಿಯುವ ಹೊತ್ತಿಗೇ ಅತಿಥಿ ನನ್ನ ಕೋಣೆಯ ಬಾಗಿಲು ಬಡಿದರು. ನಿದ್ದೆ ಮಾಡಿದಂತೆ ಕಾಣಲಿಲ್ಲ. "ಈಗಲೇ ಹೋಗಬೇಕು," ಎಂದರು. "ಹೊತ್ತು ಏರಿದರೆ ಪ್ರಯೋಜನವಿಲ್ಲ."

ಅಕ್ಕ ಚಿಲಕ ಹಾಕಿಕೊಂಡು ಹೊಲಿಗೆ ಯಂತ್ರ ತುಳಿಯುತ್ತಿದ್ದಳು. ಭಾವ ಜಗಲಿಯ ತುದಿಯಲ್ಲಿ, ರಾತ್ರಿಯಿಂದ ಅಲ್ಲೇ ಕೂತವರಂತೆ ಕೂತಿದ್ದರು. ನಾನು ಕೂಗಿದ ಮೇಲೆ ಬಾಗಿಲು ತೆರೆಯಿತು. ಅತಿಥಿ ಒಳಗೆ ಹೋಗಿ ಅಕ್ಕನ ಎದುರು ನೆಲದ ಮೇಲೇ ಕೂತರು. ಅವರು ಹೇಳಿದ್ದನ್ನು ನಾನು ಒಂದೂ ಬಿಡದೆ ಕನ್ನಡಕ್ಕೆ ತಂದೆ.

"ನಿಮ್ಮ ಗಂಡನ ಮತ ಕಳೆದದ್ದು ನನ್ನಿಂದ. ಚುನಾವಣೆಯಲ್ಲಿ ತಲೆ ಹಾಕಬಾರದೆಂದು ದೂರ ಹೋದೆ, ಆ ದೂರ ಹೋದದ್ದೇ ತಲೆ ಹಾಕಿದಂತಾಯಿತು. ನೀವು ನನ್ನನ್ನು ಬೈಯಬೇಕು, ಅವರನ್ನಲ್ಲ."

ಅಕ್ಕ ಅವರನ್ನೇ ನೋಡಿದಳು. "ನೀವು ಚಿತ್ರ ಬರೀತಿದ್ರಿ. ಇವ್ರೆಂತಾ ಮಾಡ್ತಿದ್ರು?"

ನಾನು ಜಗಲಿಯ ಕಡೆ ನೋಡಲಿಲ್ಲ. "ಮಲಗಿದ್ರು," ಎಂದೆ.

"ಹಂಗಾದ್ರೆ ಬೈಗಳು ಯಾರಿಗೆ ಹೋಗ್ಬೇಕು ಅಂತ ನಂಗೆ ಬಿಡಿ ಅಂತೇಳು," ಎಂದಳು ಅಕ್ಕ. ಆ ಮಾತಿನಲ್ಲಿ ಸ್ವಲ್ಪ ಜೀವ ಇತ್ತು.

ಆಗ ಅತಿಥಿ ತಾವು ಸೋತ ಮರುದಿನದ ಕತೆ ಹೇಳಿದರು. ನಮಗೆ ಜಗಲಿಯಲ್ಲಿ ಹೇಳಿದಾಗ ಇದನ್ನು ಬಿಟ್ಟಿದ್ದರು. ಸೋತ ಮೇಲೆ ಅವರು ಪರದೆ ಎಳೆದುಕೊಂಡು ಮನೆಯೊಳಗೇ ಉಳಿದರಂತೆ. ಒಂದು ದಿನ ಆಯಿತು, ಎರಡು ದಿನ ಆಯಿತು. ಎಷ್ಟು ತಡ ಮಾಡಿದರೋ ಹೊರಗೆ ಹೋಗುವುದು ಅಷ್ಟು ಕಷ್ಟವಾಯಿತು. ಕೊನೆಗೆ ಮನೆಯಲ್ಲಿ ತಿನ್ನಲು ಏನೂ ಇಲ್ಲದೆ, ತಾವೇ ಉಳಿಸಿದ ಆ ಮಾರುಕಟ್ಟೆಗೆ ಹೋದರು. ಜನ ಅಷ್ಟರಲ್ಲಿ ಮರುಕದ ಮುಖ ತಯಾರು ಮಾಡಿಟ್ಟುಕೊಂಡಿದ್ದರು. ತರಕಾರಿಯವಳು ಕೋಸನ್ನು ಪುಕ್ಕಟೆ ಕೊಟ್ಟಳು. "ಸೋತದ್ದಕ್ಕೆ ನನಗೆ ಅಳು ಬಂದಿರಲಿಲ್ಲ. ಆ ಪುಕ್ಕಟೆ ಕೋಸು ಹಿಡಿದುಕೊಂಡು ದಾರಿಯಲ್ಲಿ ಅತ್ತೆ," ಎಂದರು. "ನೀವು ಇವತ್ತೇ ಹೋಗಿ. ಅವರು ಮುಖ ತಯಾರು ಮಾಡಿಕೊಳ್ಳುವ ಮೊದಲು ಹೋಗಿ."

ಅಕ್ಕ ಯಂತ್ರದ ಮೇಲಿನ ಬಟ್ಟೆಯನ್ನು ಮಡಿಸಿಟ್ಟಳು. ಕನ್ನಡಿಯ ಎದುರು ನಿಂತು ಕುಂಕುಮ ಸರಿ ಮಾಡಿಕೊಂಡಳು. "ಮೀನು ತರೂಕೆ ಹೋಗ್ವಾ," ಎಂದಳು.

ಕಡಲ ದಂಡೆಯಲ್ಲಿ ದೋಣಿಗಳು ಆಗಷ್ಟೇ ಬಂದಿದ್ದವು. ಮೀನು ಮಾರುವ ಹೆಂಗಸರು ಅಕ್ಕನನ್ನು ಕಂಡು ಒಂದು ಕ್ಷಣ ತಬ್ಬಿಬ್ಬಾದರು. ಅವರಲ್ಲಿ ಹಿರಿಯಳೊಬ್ಬಳು ಮೊದಲು ಬಾಯಿ ತೆರೆದಳು. "ಹೊಯ್, ಸೋತವ್ಳು ಇಷ್ಟು ಬೇಗ ಎದ್ದಿ ಬಂದ್ಯಾ?"

"ಸೋತ್ರೆ ಹೊಟ್ಟೆ ಸುಮ್ನಿರ್ತದ್ಯಾ ಅಬ್ಬೇ? ಶೆಟ್ಲಿ ಹೆಂಗೆ ಕೊಟ್ಟೆ?" ಎಂದಳು ಅಕ್ಕ, ತನ್ನ ಎಂದಿನ ಗಂಟಲಿನಲ್ಲಿ. ಎಲ್ಲರೂ ನಕ್ಕರು. ಯಾರೂ ಒಂದು ಸೀಗಡಿಯನ್ನೂ ಪುಕ್ಕಟೆ ಕೊಡಲಿಲ್ಲ. ಅತಿಥಿಗೆ ಅದು ಬಹಳ ಸಮಾಧಾನ ತಂದಿತು.

ಅಲ್ಲಿಗೆ ಬಾವಿಮನೆಯವಳೂ ಬಂದಳು. ಗೆದ್ದವಳ ನಡಿಗೆಯಲ್ಲ ಅದು. ತಲೆ ತಗ್ಗಿಸಿ, ಯಾರ ಕಣ್ಣಿಗೂ ಬೀಳದಂತೆ ಬುಟ್ಟಿಗಳ ಹಿಂದಿನಿಂದ ಬರುತ್ತಿದ್ದಳು. ಚೀಟಿಯಿಂದ ಗೆದ್ದವಳೆಂದು ನಿನ್ನೆಯಿಂದ ಊರು ಆಡಿಕೊಂಡದ್ದು ಅವಳ ಕಿವಿಗೂ ಬಿದ್ದಿತ್ತು. ಅಕ್ಕನನ್ನು ಕಂಡು ತಿರುಗಿ ಹೊರಟಳು.

"ನಿಲ್ಲೇ," ಎಂದಳು ಅಕ್ಕ. ಇಷ್ಟು ವರ್ಷದಲ್ಲಿ ಅವಳು ಆಕೆಗೆ ಆಡಿದ ಮೊದಲ ಮಾತು. "ಓಡೂದು ಎಂತಕ್ಕೆ? ನೀ ಎಂತಾ ಕದ್ದಿದ್ಯಾ? ಅರ್ಧ ವಾರ್ಡು ನಿಂದು, ಅರ್ಧ ನಂದು. ಆ ಕಾಲುಸಂಕ ಮಳೆಗೂ ಮೊದ್ಲು ಆಗ್ಬೇಕು. ಆಗ್ಲಿಲ್ಲಾಂದ್ರೆ ನಿನ್ ಜಗಲಿ ಮೇಲೇ ಬಂದು ಕೂತ್ಕಂತೆ."

ಬಾವಿಮನೆಯವಳು ತಿರುಗಿ ಎರಡು ಹೆಜ್ಜೆ ಹತ್ತಿರ ಬಂದಳು. ಆಮೇಲೆ, "ನಂಗೆ ಅರ್ಜಿ ಬರಿಯೂಕೆ ಬರೂದಿಲ್ಲ, ಮಾರಾಯ್ತಿ. ಶಾಲೆಲೂ ನೀನೇ ಬರ್ದು ಕೊಡ್ತಿದ್ದೆ" ಎಂದಳು. ಅವಳ ಕಣ್ಣು ತುಂಬಿತ್ತು. ಅಕ್ಕ ಏನೂ ಕಾಣದವಳಂತೆ ಅವಳ ಕೈಯಿಂದ ಚೀಲ ತೆಗೆದುಕೊಂಡು ಮೀನು ಹಾಕಿಸಿದಳು.

ಅಂದು ಮಧ್ಯಾಹ್ನ ನಮಗೆಲ್ಲ ಬಾವಿಮನೆಯಲ್ಲೇ ಊಟವಾಯಿತು. ಭಾವನನ್ನೂ ಕರೆದರು. ಆದರೆ ಅಕ್ಕ ಅವರಿಗೆ ಎಲ್ಲರದೂ ಆದ ಮೇಲೆ, ಕೊನೆಯಲ್ಲಿ ಬಡಿಸಬೇಕೆಂದು ಅಪ್ಪಣೆ ಮಾಡಿದಳು. ಎರಡು ಹೆಂಗಸರು ಅಡಿಗೆಮನೆಯಲ್ಲಿ ಏನು ಮಾತಾಡಿಕೊಂಡರೋ, ಮಧ್ಯೆ ಮಧ್ಯೆ ತೆಂಗಿನಕಾಯಿಯ ಸುದ್ದಿ ಬಂದು ದನಿ ಏರುತ್ತಿತ್ತು, ಮತ್ತೆ ಇಳಿಯುತ್ತಿತ್ತು. ಅತಿಥಿ ಹೊರಗೆ ವೀರಗಲ್ಲಿನ ಪಕ್ಕ ಕೂತು ತಮ್ಮ ಕೆಲಸ ಮುಗಿಸಿಕೊಂಡರು.

ಅವರು ಊರಿಗೆ ಮರಳುವಾಗ ಸ್ಟೇಶನ್ನಿಗೆ ಹತ್ತಿಪ್ಪತ್ತು ಜನ ಬಂದಿದ್ದರು. ಕಾಲುಸಂಕ ಆ ಮಳೆಗಾಲಕ್ಕೆ ಆಗಲಿಲ್ಲ, ಮುಂದಿನ ಬೇಸಿಗೆಗೆ ಆಯಿತು. ಅಕ್ಕ ಮಾತು ಕೊಟ್ಟಂತೆ ಜಗಲಿಯ ಮೇಲೆ ಕೂತಳೋ ಇಲ್ಲವೋ ಗೊತ್ತಿಲ್ಲ, ಬರೆದ ಅರ್ಜಿಗಳೆಲ್ಲ ಅವಳವೇ. ಗ್ರಾಮಸಭೆಯಲ್ಲಿ ಸದಸ್ಯೆ ಕುರ್ಚಿಯಲ್ಲಿ ಕೂತಿದ್ದರೆ ಸೋತವಳು ಎದುರಿನ ಸಾಲಿನಿಂದ ಎದ್ದು ಎಲ್ಲರಿಗಿಂತ ಹೆಚ್ಚು ಪ್ರಶ್ನೆ ಕೇಳುತ್ತಾಳೆ. ಸಭೆ ಮುಗಿದ ಮೇಲೆ ಇಬ್ಬರೂ ಭಾವನ ಓಮ್ನಿಯಲ್ಲೇ ಮನೆಗೆ ಬರುತ್ತಾರೆ. ಭಾವ ಈಗ ಯಾವ ಚುನಾವಣೆ ಬಂದರೂ ಬೂತು ತೆರೆಯುವ ಮೊದಲೇ ಹೋಗಿ ಸಾಲಿನಲ್ಲಿ ಮೊದಲಿಗರಾಗಿ ನಿಲ್ಲುತ್ತಾರೆ.

ಅತಿಥಿ ಆಗಾಗ ವೀಡಿಯೋ ಕರೆ ಮಾಡುತ್ತಾರೆ. ಅವರ ಪಟ್ಟಣದ ಹೊರಗೆ ಜನ ಸಣ್ಣ ಸಣ್ಣ ತುಂಡು ಜಮೀನು ಪಡೆದು ತರಕಾರಿ ಬೆಳೆಯುತ್ತಾರಂತೆ. ಆ ತೋಟಗಾರರ ಸಂಘಕ್ಕೆ ಅವರು ಅಧ್ಯಕ್ಷರಾಗಿದ್ದಾರೆಂದು ಕಳೆದ ಸಲ ಹೇಳಿದರು. ಹಿಂದೆ ಬೇಲಿ, ಬೀನ್ಸ್ ಬಳ್ಳಿ, ಒಂದು ಪುಟ್ಟ ಮರದ ಗುಡಿಸಲು ಕಾಣುತ್ತಿತ್ತು. ಅಕ್ಕ ನನ್ನ ಮನೆಗೆ ಬಂದಿದ್ದವಳು ಫೋನಿಗೆ ಮುಖ ಹತ್ತಿರ ತಂದು, ಎಷ್ಟು ಓಟಿನಿಂದ ಗೆದ್ದರು ಕೇಳು ಎಂದಳು. ಕೇಳಿದೆ. ಅವಿರೋಧ ಆಯ್ಕೆ, ಬೇರೆ ಯಾರೂ ನಿಂತಿರಲಿಲ್ಲ ಎಂದರು ಅವರು.

ಅಕ್ಕ ಕುರ್ಚಿಗೆ ಒರಗಿ ಕೂತಳು. "ಎದ್ರಿಗೆ ಯಾರೂ ನಿಲ್ಲಿಲ್ವಾ?" ಎಂದು ನಿಜವಾದ ಬೇಸರದಿಂದ ಹೇಳಿದಳು. "ಪಾಪ, ಅವ್ರಿಗೆ ಹೊತ್ತು ಹೆಂಗೆ ಹೋಗ್ತದೋ!"